ಒಮ್ಮೆ ಬೇಡಿದವನಿಗೆ ಅಭಯ

ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ವಿಭೀಷಣ ಶರಣು ಬಂದಾಗ ರಾಮ ಆಡುವ ಒಂದು ಶ್ಲೋಕವನ್ನು ಶ್ರೀವೈಷ್ಣವರು ಚರಮಶ್ಲೋಕವೆಂದು ಅನುಸಂಧಾನ ಮಾಡುತ್ತಾರೆ. ಪ್ರಾರ್ಥಿಸುವಾಗ ನಾವೆಲ್ಲ ಅದನ್ನು ವಿಭೀಷಣನ ಕಡೆ ನಿಂತೇ ಓದುತ್ತೇವೆ. ರಾಮನ ಕಡೆ ನಿಂತೂ ಓದಬೇಕೆಂಬುದು ನನ್ನ ಆಸೆ.

ಮೊದಲ ಪಾದ: ಒಂದೇ ಒಂದು ಸಲ ಶರಣೆಂದು ಬಂದವನ ಮಾತು ಇಲ್ಲಿದೆ. ಕಡಲ ದಂಡೆಯ ಮೇಲೆ, ಆಕಾಶದಲ್ಲೇ ನಾಲ್ವರು ಸಂಗಾತಿಗಳೊಡನೆ ನಿಂತು, ಹೆಂಡತಿ ಮಕ್ಕಳನ್ನು ಬಿಟ್ಟು ಬಂದಿದ್ದೇನೆ ಎಂದು ವಿಭೀಷಣ ಕೂಗಿ ಹೇಳುತ್ತಾನೆ. ಕೆಳಗೆ ವಾನರರು ಮರ ಕಿತ್ತು, ಬಂಡೆ ಎತ್ತಿಕೊಂಡು ಸಿದ್ಧರಾಗಿದ್ದಾರೆ. ಇವನು ಗೂಢಚಾರನೇ ಇರಬೇಕೆಂದು ಸುಗ್ರೀವನಿಗೆ ಅನುಮಾನ. ಹನುಮಂತ ಮಾತ್ರ ಇವನನ್ನು ಸೇರಿಸಿಕೊಳ್ಳಬಹುದು ಎನ್ನುತ್ತಾನೆ.

ಎರಡನೆಯ ಪಾದ: ನಿನ್ನವನು ನಾನು ಎಂದು ಬೇಡುವವನು. ಈ ಬೇಡಿಕೆ ಅಷ್ಟೇನೂ ಶುದ್ಧವಲ್ಲ. ವಿಭೀಷಣನಿಗೆ ರಾಜ್ಯದ ಆಸೆ ಇದೆಯೆಂದು ರಾಮನೇ ಬಾಯಿಬಿಟ್ಟು ಹೇಳುತ್ತಾನೆ, ಹೇಳಿಯೂ ಕೈ ಚಾಚುತ್ತಾನೆ. ಆಸೆಯೆಲ್ಲ ಕಳೆದ ಮೇಲೆಯೇ ದೇವರ ಮುಂದೆ ನಿಲ್ಲಬೇಕೆಂದು ಹಿಂಜರಿಯುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಗೊತ್ತಿಲ್ಲ.

ಮೂರನೆಯ ಪಾದ: ಸಕಲ ಜೀವಿಗಳಿಂದಲೂ ಅಭಯ. ಬಂದವನಿಗೆ ರಾವಣನ ಭಯವೊಂದೇ ಅಲ್ಲ, ಬಂಡೆ ಹಿಡಿದು ನಿಂತ ರಾಮನ ಸೈನ್ಯದ ಭಯವೂ ಇದೆ. ಆಶ್ರಯ ಕೊಡುವವನು ಮೊದಲು ತನ್ನವರ ಕೈಯನ್ನೇ ತಡೆಯಬೇಕು, ಇದು ಹೊರಗಿನ ಶತ್ರುವನ್ನು ತಡೆಯುವುದಕ್ಕಿಂತ ಕಷ್ಟ. ಅದಕ್ಕೇ ರಾಮ ಸುಗ್ರೀವನಿಗೆ ಪಾರಿವಾಳದ ಕಥೆ ನೆನಪಿಸುತ್ತಾನೆ: ತನ್ನ ಸಂಗಾತಿಯನ್ನು ಸೆರೆಹಿಡಿದ ಬೇಡ ಆಶ್ರಯಕ್ಕೆ ಬಂದಾಗ ಆ ಹಕ್ಕಿ ತನ್ನ ಮಾಂಸವನ್ನೇ ಕೊಟ್ಟು ಸತ್ಕರಿಸಿತು. ಮುಂದಿನ ಶ್ಲೋಕದಲ್ಲಂತೂ, ಬಂದವನು ಸ್ವತಃ ರಾವಣನೇ ಆಗಿದ್ದರೂ ಕರೆದುಕೊಂಡು ಬಾ ಎನ್ನುತ್ತಾನೆ. ಸೀತೆಯನ್ನು ಕಳೆದುಕೊಂಡವನು ಈ ಮಾತು ಆಡುತ್ತಿದ್ದಾನೆ. ಇಲ್ಲಿಗೆ ಬಂದಾಗ ಪ್ರತಿ ಸಲವೂ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ನಾಲ್ಕನೆಯ ಪಾದ: ಇದು ನನ್ನ ವ್ರತ. ಬೇಡುವವನಿಗೆ ಒಂದು ಸಲ ಸಾಕು, ಕೊಡುವವನಿಗೆ ಜೀವಮಾನದ ನೇಮ. ಆ ದಂಡೆಯಲ್ಲಿ ಕಳವಳಪಡುವವನು ಸುಗ್ರೀವ. ರಾಮನ ಮನಸ್ಸು ತಿಳಿಯಾಗಿದೆ, ಯಾಕೆಂದರೆ ವ್ರತ ಹಿಡಿದವನು ಬಂದವರೆಲ್ಲರ ಮುಂದೆ ಭಯದಿಂದ ಹೊಸದಾಗಿ ಲೆಕ್ಕ ಹಾಕಬೇಕಿಲ್ಲ.

ಈ ಶರಣಾಗತಿಯನ್ನು ಬೋಧಿಸಿದ ರಾಮಾನುಜಾಚಾರ್ಯರೇ ಒಮ್ಮೆ ಆಶ್ರಯ ಬೇಡಿ ಬಂದವರು. ಚೋಳರಾಜನ ಕಿರುಕುಳ ತಾಳಲಾರದೆ ಶ್ರೀರಂಗ ಬಿಟ್ಟ ಅವರನ್ನು ಹೊಯ್ಸಳ ನಾಡು ಬರಮಾಡಿಕೊಂಡಿತು ಎನ್ನುತ್ತದೆ ಸಂಪ್ರದಾಯ. ಹೀಗೆ ನೆಲೆ ಸಿಕ್ಕ ಮೇಲುಕೋಟೆಯಲ್ಲಿ, ಊರು ಹೊರಗಿಟ್ಟವರನ್ನು ಅವರು ತಿರುಕುಲದವರೆಂದು ಕರೆದು ಗುಡಿಯೊಳಗೆ ಬಿಟ್ಟರಂತೆ. ಆ ಬಾಗಿಲು ವರ್ಷದಲ್ಲಿ ಕೆಲವೇ ದಿನ ತೆರೆಯಿತೆಂಬುದು ನನಗೆ ನೋವಿನ ಸಂಗತಿ. ಮೂರನೆಯ ಪಾದದಲ್ಲಿ ಅಂಥ ಗಡುವು ಯಾವುದೂ ಇಲ್ಲ.