ಕಂದು ಪಾಚಿ ಮತ್ತು ನಮ್ಮ ಅವಸರ

ಹೊಸ ಉಪ್ಪುನೀರಿನ ತೊಟ್ಟಿಗೆ ನೀರು ತುಂಬಿ ಎರಡು ಮೂರು ವಾರ ಕಳೆಯುವ ಹೊತ್ತಿಗೆ ಬಿಳಿ ಮರಳಿನ ಮೇಲೆ ಕಾಫಿ ಬಣ್ಣದ ತೆಳು ಪದರವೊಂದು ಕಾಣಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಅದು ಕಲ್ಲಿಗೆ, ಗಾಜಿಗೆ, ಪಂಪಿನ ಬಾಯಿಗೆ ಹಬ್ಬುತ್ತದೆ. ಬೆರಳಾಡಿಸಿದರೆ ಎದ್ದು ನೀರೆಲ್ಲ ಕದಡುತ್ತದೆ, ಮರುದಿನ ಮತ್ತೆ ಅಲ್ಲೇ ಕೂತಿರುತ್ತದೆ. ಹವಳದ ತೊಟ್ಟಿ ಇಟ್ಟವರಲ್ಲಿ ಇದನ್ನು ನೋಡದವರು ಕಡಿಮೆ. ನೋಡಿದ ಮೇಲೆ ಏನು ಮಾಡುತ್ತಾರೆ ಎಂಬುದು ಇಲ್ಲಿ ನನ್ನ ವಿಷಯ. ರೂಢಿಯಲ್ಲಿರುವ ಉಪಾಯಗಳಲ್ಲಿ ಹೆಚ್ಚಿನವು ಆ ಪಾಚಿಗಿಂತ ದೊಡ್ಡ ಕೆಡುಕು ಮಾಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಸುಮ್ಮನಿರಿ, ತಾನಾಗಿಯೇ ಹೋಗುತ್ತದೆ’ ಎಂಬ ಅನುಭವಿಗಳ ಸಲಹೆಯೂ ಅರ್ಧ ಮಾತ್ರ ಸರಿ.

ಬಹುಪಾಲು ಹೊಸ ತೊಟ್ಟಿಗಳಲ್ಲಿ ಈ ಕಂದು ಪದರ ಡಯಾಟಮ್‌ಗಳದು. ಒಂದೇ ಕೋಶದ ಈ ಸೂಕ್ಷ್ಮಜೀವಿಗಳು ತಮ್ಮ ಸುತ್ತ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುತ್ತವೆ. ಗಾಜನ್ನು ಮಾಡುವುದೂ ಸಿಲಿಕಾದಿಂದಲೇ. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದು. ನಾವು ಎಳೆದುಕೊಳ್ಳುವ ಉಸಿರಿನಲ್ಲಿ ಇವುಗಳ ಋಣವಿದೆ. ಸತ್ತ ಡಯಾಟಮ್‌ಗಳ ಚಿಪ್ಪು ಲಕ್ಷಾಂತರ ವರ್ಷ ತಳದಲ್ಲಿ ಸೇರಿ ಆದ ಹಗುರ ಮಣ್ಣಿಗೆ ನೈಟ್ರೋಗ್ಲಿಸರಿನ್ ಹೀರಿಸಿ ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟಿಗೆ ಪೇಟೆಂಟ್ ಪಡೆದ. ಇಷ್ಟು ದೊಡ್ಡ ಚರಿತ್ರೆಯಿರುವ ಜೀವಿಯನ್ನು ಮರಳಿಗೆ ಅಂಟಿದ ಕೊಳೆಯೆಂದಷ್ಟೇ ಕಾಣುವುದು ನಮ್ಮ ನೋಟದ ಬಡತನ.

ಅದು ಹೊಸ ತೊಟ್ಟಿಯಲ್ಲೇ ಏಕೆ ಏಳುತ್ತದೆ? ಹೊಸದಾಗಿ ಉತ್ತು ಬಿಟ್ಟ ಹೊಲದಲ್ಲಿ ಮೊದಲ ಮಳೆಗೆ ಏಳುವುದು ಕಳೆಯೇ ತಾನೆ. ತೊಟ್ಟಿಯ ಕಲ್ಲು, ಮರಳು, ಗಾಜು ಎಲ್ಲವೂ ಆಗ ಖಾಲಿ ಜಾಗ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕಲ್ಲಿಗೆ ನೇರಳೆ ಬಣ್ಣ ಕೊಡುವ ಕೊರಲೈನ್ ಪಾಚಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಡಯಾಟಮ್ ಅಷ್ಟು ಕಾಯುವುದಿಲ್ಲ. ಬೆಳಕು, ಸ್ವಲ್ಪ ಪೋಷಕಾಂಶ, ನೀರಿನಲ್ಲಿ ಕರಗಿದ ಸಿಲಿಕೇಟ್ ಸಿಕ್ಕರೆ ದಿನಕ್ಕೊಮ್ಮೆಯೋ ಅದಕ್ಕೂ ಬೇಗವೋ ಇಬ್ಭಾಗವಾಗಿ ಹಬ್ಬುತ್ತದೆ. ಸಿಲಿಕೇಟ್ ತೀರಿ, ಜಾಗಕ್ಕೆ ಪೈಪೋಟಿ ಕೊಡುವ ಬೇರೆ ಜೀವಿಗಳು ಬಂದಾಗ ಹಿಂದೆ ಸರಿಯುತ್ತದೆ. ಕಂದು ಹೋಗಿ ಹಸಿರು, ಹಸಿರು ಹೋಗಿ ನೇರಳೆ: ಚೆನ್ನಾಗಿ ಸಾಗುತ್ತಿರುವ ತೊಟ್ಟಿಯ ಸಾಮಾನ್ಯ ಕ್ರಮ ಇದು.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟು ಉಪಾಯಗಳನ್ನು ತೂಗಿ ನೋಡೋಣ. ಮೊದಲನೆಯದು ಕತ್ತಲೆ. ಮೂರು ದಿನ ದೀಪ ಆರಿಸಿ ತೊಟ್ಟಿಗೆ ಬಟ್ಟೆ ಹೊದಿಸುತ್ತಾರೆ. ಪದರ ತೆಳುವಾಗುವುದು ನಿಜ. ಆದರೆ ಸತ್ತ ಕೋಶಗಳು ಕೊಳೆತು ತಮ್ಮ ಪೋಷಕಾಂಶವನ್ನು ಅದೇ ನೀರಿಗೆ ಬಿಡುತ್ತವೆ, ಸಿಲಿಕೇಟ್ ಎಲ್ಲೂ ಹೋಗಿರುವುದಿಲ್ಲ, ದೀಪ ಹತ್ತಿಸಿದ ವಾರದೊಳಗೆ ಮೊದಲಿನ ಸ್ಥಿತಿ. ಎರಡನೆಯದು ಔಷಧಿ, ಇದರ ಬಗ್ಗೆ ನನಗೆ ಯಾವ ಸಹನೆಯೂ ಇಲ್ಲ. ಕೆಂಪು ಲೋಳೆಗೆಂದು ಮಾರುವ ಎರಿಥ್ರೋಮೈಸಿನ್‌ನಂಥ ಆ್ಯಂಟಿಬಯಾಟಿಕ್ ಅನ್ನು ಈ ಕಂದು ಪದರಕ್ಕೂ ಸುರಿಯುವವರಿದ್ದಾರೆ. ಆ ಕೆಂಪು ಲೋಳೆ ಸಯನೋಬ್ಯಾಕ್ಟೀರಿಯಾ, ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ನಾಟುತ್ತದೆ. ಡಯಾಟಮ್ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಹಾಕಿದ ಮದ್ದು ಗುರಿ ತಪ್ಪಿ, ಈಗಷ್ಟೇ ನೆಲೆಯೂರುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಕೊಡಬಹುದು. ಆಗ ಏರುವ ಅಮೋನಿಯಾಕ್ಕೆ ಬಲಿಯಾಗುವುದು ಮೀನು.

ಬಸವನಹುಳುಗಳ ಮಾತು ಬೇರೆ. ಟ್ರೋಕಸ್, ಸೆರಿತ್ ಜಾತಿಯ ಹುಳುಗಳು ಈ ಪದರವನ್ನು ಇಷ್ಟಪಟ್ಟು ಮೇಯುತ್ತವೆ, ಅವು ಮೇದ ಕಲ್ಲು ನೋಡಲು ಚೆಂದ. ಆದರೆ ಗಾಬರಿಯಲ್ಲಿ ಡಜನ್‌ಗಟ್ಟಲೆ ತಂದು ಬಿಟ್ಟರೆ ತಿಂಗಳ ನಂತರ ಪಾಚಿ ಮುಗಿದಾಗ ಅವಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹಸಿದು ಸತ್ತು ಕೊಳೆಯುತ್ತವೆ. ಬೆರಳೆಣಿಕೆಯಷ್ಟು ತಂದು, ಪಾಚಿ ಕಡಿಮೆಯಾದಾಗ ಒಣಗಿಸಿದ ಕಡಲಪಾಚಿಯ ಚೂರು ಹಾಕುವವರು ಮಾತ್ರ ಈ ಉಪಾಯಕ್ಕೆ ಕೈ ಹಾಕಲಿ. ಜೀವವನ್ನು ಪೊರಕೆಯ ಹಾಗೆ ಬಳಸಿ ಬಿಸಾಡುವ ಹಕ್ಕು ನಮಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಬರೆಯಬೇಕಾದದ್ದು ನೀರಿನ ಬಗ್ಗೆ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿ. ಕಂದು ಪದರ ಕಂಡ ಕೂಡಲೇ ಅರ್ಧ ತೊಟ್ಟಿಯ ನೀರು ಬದಲಿಸು ಎನ್ನುತ್ತಾರೆ. ಬದಲಿಸುವ ನೀರು ಯಾವುದು ಎಂದು ಕೇಳುವವರು ಕಡಿಮೆ. ಬೆಂಗಳೂರು ನಿಂತಿರುವುದು ಲಾಲ್‌ಬಾಗಿನ ಬಂಡೆಯಲ್ಲಿ ಕಣ್ಣಿಗೆ ಕಾಣುವ ನೈಸ್ ಶಿಲೆಯ ಮೇಲೆ. ಗ್ರಾನೈಟು, ನೈಸು ಶಿಲೆಗಳ ಫೆಲ್ಡ್‌ಸ್ಪಾರ್ ಸವೆಯುತ್ತಾ ಹೋದಂತೆ ಅದರ ಸಿಲಿಕಾ ಅಂತರ್ಜಲದಲ್ಲಿ ಕರಗುತ್ತದೆ. ಹಾಗಾಗಿ ಬೋರ್‌ವೆಲ್ ನೀರಿಗೆ ಉಪ್ಪು ಬೆರೆಸಿ ತೊಟ್ಟಿಗೆ ಹಾಕುವುದೆಂದರೆ ಡಯಾಟಮ್‌ಗೆ ಬೇಕಾದ ಚಿಪ್ಪಿನ ಸರಕನ್ನು ನಾವೇ ಕೊಟ್ಟಂತೆ. ಆವಿಯಾದ ನೀರನ್ನು ಇದೇ ನೀರಿನಿಂದ ತುಂಬಿಸುತ್ತಾ ಹೋದರಂತೂ ಪಾಚಿಗೆ ದಿನವೂ ಊಟ.

ಅಡುಗೆಮನೆಯ ಆರ್‌ಓ ಯಂತ್ರದ ನೀರು ಸಾಕಲ್ಲ ಎಂದು ಕೆಲವರು ಕೇಳುತ್ತಾರೆ. ಸಾಲದು. ಕುಡಿಯುವ ನೀರಿಗೆ ರುಚಿ ಇರಲೆಂದು ಅಂಥ ಹಲವು ಯಂತ್ರಗಳು ಶೋಧಿಸಿದ ನೀರಿಗೆ ಒಂದಿಷ್ಟು ಶೋಧಿಸದ ನೀರನ್ನೋ ಖನಿಜವನ್ನೋ ಸೇರಿಸುತ್ತವೆ. ಹವಳದ ತೊಟ್ಟಿಗೆ ಬೇಕಾದದ್ದು ಆರ್‌ಓ ದಾಟಿ, ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರೆಸಿನ್ ಮೂಲಕವೂ ಹರಿದ ನೀರು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅಂಗಡಿಯಲ್ಲಿ ಇದನ್ನು ಹೇಳುವವರು ಅಪರೂಪ. ಸಾಧಾರಣ ನೀರಿನಲ್ಲಿ ಸಿಲಿಕಾ ಬಹುಮಟ್ಟಿಗೆ ವಿದ್ಯುದಂಶವಿಲ್ಲದ ಸಿಲಿಸಿಕ್ ಆಮ್ಲವಾಗಿರುತ್ತದೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಹಾಗಾಗಿ ಸಿಲಿಕಾ ಅದರ ಕಣ್ಣಿಗೆ ಬೀಳುವುದಿಲ್ಲ. ರೆಸಿನ್ ಕೂಡ ಸಿಲಿಕಾವನ್ನು ಬಲವಾಗಿ ಹಿಡಿದಿಡುವುದಿಲ್ಲ. ರೆಸಿನ್ ಸವೆಯತೊಡಗಿದಾಗ ಮೊದಲು ನುಸುಳಿ ಹೋಗುವವುಗಳಲ್ಲಿ ಅದೂ ಒಂದು. ಮೀಟರಿನಲ್ಲಿ ಸೊನ್ನೆ ತೋರಿಸುತ್ತಿದ್ದರೂ ತೊಟ್ಟಿಗೆ ಸಿಲಿಕೇಟ್ ಇಳಿಯುತ್ತಿರಬಹುದು. ತಿಂಗಳುಗಟ್ಟಲೆ ಕಂದು ಪದರ ಬಿಡದ ತೊಟ್ಟಿ ಕಂಡರೆ ನಾನು ಮೊದಲು ಕೇಳುವುದು ರೆಸಿನ್ ಬದಲಿಸಿ ಎಷ್ಟು ಕಾಲವಾಯಿತು ಎಂದು.

ಮರಳಿನ ಮೇಲಿನ ಆರೋಪ ಮಾತ್ರ ಬಹಳ ಉಬ್ಬಿಸಿದ್ದು. ಸಿಲಿಕಾ ಮರಳು ಹಾಕಿದ್ದರಿಂದಲೇ ಪಾಚಿ ಬಂತು ಎಂದು ಇಡೀ ತೊಟ್ಟಿ ಕಿತ್ತು ಹಾಕುವವರಿದ್ದಾರೆ. ಕ್ವಾರ್ಟ್ಜ್ ಕರಗುವ ವೇಗ ಅತ್ಯಂತ ನಿಧಾನ; ಬಳಸುವ ನೀರಿನ ಜೊತೆ ಬರುವ ಸಿಲಿಕೇಟಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಈಗ ‘ಸುಮ್ಮನಿರಿ’ ಎಂಬ ಸಲಹೆಗೆ ಬರುತ್ತೇನೆ. ಪದರ ಡಯಾಟಮ್‌ನದೇ ಆಗಿದ್ದರೆ ಈ ಸಲಹೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಕಂದಾಗಿ ಕಾಣುವುದೆಲ್ಲ ಡಯಾಟಮ್ ಅಲ್ಲ. ಎಳೆಎಳೆಯಾಗಿ ಸಿಂಬಳದಂತೆ ಜೋತುಬಿದ್ದು, ಎಳೆಯ ತುದಿಯಲ್ಲಿ ಗಾಳಿಗುಳ್ಳೆ ಹಿಡಿದು, ರಾತ್ರಿ ಕರಗಿ ಹಗಲು ಮತ್ತೆ ಕಟ್ಟುವ ಪದರವಾದರೆ ಅದು ಡೈನೋಫ್ಲಾಜೆಲ್ಲೇಟ್ ಆಗಿರುವ ಸಾಧ್ಯತೆ ಹೆಚ್ಚು. ಅವುಗಳಲ್ಲಿ ಆಸ್ಟ್ರಿಯಾಪ್ಸಿಸ್ ಎಂಬ ಕುಲದ ಕೆಲವು ಜಾತಿಗಳು ವಿಷ ಉತ್ಪಾದಿಸುತ್ತವೆ, ಅವನ್ನು ಮೇದ ಬಸವನಹುಳುಗಳು ಸಾಯುತ್ತವೆ. ಅಂಥ ತೊಟ್ಟಿಯ ಮುಂದೆ ತಿಂಗಳುಗಟ್ಟಲೆ ಕೈಕಟ್ಟಿ ಕೂತರೆ ಹವಳ ಉಳಿಯುವುದಿಲ್ಲ.

ವ್ಯತ್ಯಾಸ ತಿಳಿಯುವುದು ಕಷ್ಟದ ಕೆಲಸವೇನಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸಾಧಾರಣ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಸಾಕು. ಡಯಾಟಮ್‌ಗಳು ದೋಣಿಯ ಇಲ್ಲವೇ ಸೂಜಿಯ ಆಕಾರದಲ್ಲಿ ಮೆಲ್ಲಗೆ ಜಾರುತ್ತಲೋ ನಿಂತಲ್ಲೇ ನಿಂತೋ ಇರುತ್ತವೆ. ಆಸ್ಟ್ರಿಯಾಪ್ಸಿಸ್ ಹನಿಯ ಆಕಾರದ್ದು, ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಅಲ್ಲೇ ಗಿರಗಿರನೆ ಸುತ್ತುತ್ತದೆ. ಸೂಕ್ಷ್ಮದರ್ಶಕ ಸಿಗದವರಿಗೆ ಇನ್ನೊಂದು ದಾರಿ: ಪದರವನ್ನು ಸೀಸೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಶೋಧಕ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿಡಿ. ತಾಸಿನೊಳಗೆ ಅದು ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ ಎಂದೇ ಅನುಮಾನಿಸಬೇಕು.

ಇಲ್ಲಿಯೇ ನಮ್ಮ ರೂಢಿಯ ಅತಿ ದೊಡ್ಡ ದೋಷ ಬಯಲಾಗುವುದು. ಡೈನೋಗಳು ಹೆಚ್ಚಾಗಿ ಏಳುವುದು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ತೊಟ್ಟಿಗಳಲ್ಲಿ. ಕಂದು ಪದರ ಕಂಡು ಹೆದರಿದವರು ಮಾಡುವುದೂ ಅದನ್ನೇ. ಮೀನಿಗೆ ಊಟ ನಿಲ್ಲಿಸುತ್ತಾರೆ, ಕಲ್ಮಶವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಜೋರು ಮಾಡುತ್ತಾರೆ, ಸಿಲಿಕೇಟ್ ಹೀರಲಿ ಎಂದು ಕಬ್ಬಿಣದ ಆಕ್ಸೈಡಿನ ಹರಳು, ಅಂದರೆ ಜಿಎಫ್‌ಓ, ತುಂಬುತ್ತಾರೆ. ಆ ಹರಳು ಸಿಲಿಕೇಟಿನ ಜೊತೆ ಫಾಸ್ಫೇಟನ್ನೂ ಬರಿದು ಮಾಡುತ್ತದೆ. ನಿರುಪದ್ರವಿಯನ್ನು ಓಡಿಸುವ ಭರದಲ್ಲಿ ವಿಷಕಾರಿಗೆ ಜಾಗ ಖಾಲಿ ಮಾಡಿಕೊಡುತ್ತೇವೆ. ಹವಳಕ್ಕೂ ಅದರೊಳಗಿನ ಪಾಚಿಗೂ ಈ ಪೋಷಕಾಂಶಗಳು ಬೇಕೇ ಬೇಕು. ಫಾಸ್ಫೇಟ್ 0.03ರಿಂದ 0.1 ಪಿಪಿಎಂ, ನೈಟ್ರೇಟ್ 5ರಿಂದ 10 ಪಿಪಿಎಂ ಇರುವ ತೊಟ್ಟಿ ಕೊಳಕು ತೊಟ್ಟಿಯಲ್ಲ.

ಇನ್ನೊಂದು ಮಾತು. ಮರಳಿನಲ್ಲಿ ವಾಸಿಸುವ ಕೆಲವು ಡೈನೋಗಳನ್ನು ಹಿಮ್ಮೆಟ್ಟಿಸಲು ಅನುಭವಿಗಳು ಈಗ ತೊಟ್ಟಿಗೆ ಬೇಕೆಂದೇ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸುತ್ತಾರೆ. ಹವಳದ ತೊಟ್ಟಿಗಳ ರಸಾಯನಶಾಸ್ತ್ರದ ಬಗ್ಗೆ ವಿಸ್ತಾರವಾಗಿ ಬರೆದಿರುವ ಅಮೆರಿಕದ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ತಮ್ಮ ತೊಟ್ಟಿಗೆ ಸಿಲಿಕೇಟ್ ಹಾಕುತ್ತಿದ್ದುದನ್ನೂ ಬರೆದಿದ್ದಾರೆ. ಸ್ಪಂಜುಗಳಿಗೂ ಸಿಲಿಕಾ ಬೇಕು. ಹೊಸಬರು ಬೆಚ್ಚಿಬೀಳುವ ಅದೇ ಕಂದು ಪದರವನ್ನು ಬಲ್ಲವರು ಮದ್ದಾಗಿ ಬಳಸುತ್ತಿದ್ದಾರೆ.

ಹಿಂದೆ ಈ ಹಂತ ಇಷ್ಟು ಕಾಡುತ್ತಿರಲಿಲ್ಲ ಎಂದು ಹಳಬರು ಹೇಳುವುದುಂಟು. ಅದಕ್ಕೆ ಕಾರಣವಿದೆ. ಜಕಾರ್ತದ ಲೀ ಚಿನ್ ಎಂಗ್ ಕಡಲಿನಿಂದ ತಂದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿ ನಡೆಸುವ ತಮ್ಮ ಪದ್ಧತಿಯನ್ನು 1961ರಲ್ಲಿ ಪ್ರಕಟಿಸಿದರು. ಆಮೇಲೆ ಬಂದ ಬರ್ಲಿನ್ ಪದ್ಧತಿಯೂ ಅಂಥ ಲೈವ್ ರಾಕ್ ಮೇಲೆಯೇ ನಿಂತದ್ದು. ಆ ಕಲ್ಲಿನ ಜೊತೆ ಬ್ಯಾಕ್ಟೀರಿಯಾ, ಸ್ಪಂಜು, ಹುಳು, ಕೊರಲೈನ್ ಪಾಚಿ ಎಲ್ಲವೂ ಬರುತ್ತಿದ್ದವು, ಡಯಾಟಮ್‌ಗೆ ಖಾಲಿ ಜಾಗ ಸಿಗುತ್ತಿರಲಿಲ್ಲ. ಇಂದು ನಾವು ಇಡುವುದು ಒಣಗಲ್ಲು, ಅದರ ಮೇಲೆ ಯಾವ ಜೀವವೂ ಇರುವುದಿಲ್ಲ.

ಹಾಗಾದರೆ ಕಡಲಿನ ಕಲ್ಲನ್ನೇ ತರೋಣವೇ? ಕೂಡದು. ಆ ಕಲ್ಲು ಹವಳದ ದಿಬ್ಬದ್ದೇ; ಗಟ್ಟಿ ಹವಳಗಳು ಭಾರತದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದು ಹವಳ ನೋಡಿದವರಿಗೆ, ಅದರ ಒಂದು ತುಂಡು ಮುರಿದು ನಮ್ಮ ಬೈಠಕ್‌ಖಾನೆಯ ಗಾಜಿನ ಪೆಟ್ಟಿಗೆಗೆ ತರುವುದು ಎಂಥ ಅನ್ಯಾಯ ಎಂದು ವಿವರಿಸಬೇಕಾಗಿಲ್ಲ. ಒಣಗಲ್ಲಿನಿಂದ ಆರಂಭಿಸುವುದೇ ಸರಿಯಾದ ದಾರಿ. ಅದರ ಬೆಲೆಯಾಗಿ ಕೆಲವು ವಾರ ಕಂದು ಮರಳು ನೋಡಬೇಕಾದರೆ ಆ ಬೆಲೆ ತೀರಾ ಕಡಿಮೆ.

ಹೊಸದಾಗಿ ತೊಟ್ಟಿ ಇಟ್ಟವರಲ್ಲಿ ನನ್ನ ವಿನಂತಿ ಇಷ್ಟು. ಮದ್ದಿನ ಸೀಸೆ ಕೊಳ್ಳುವ ಮೊದಲು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಡಯಾಟಮ್ ಆಗಿದ್ದರೆ ಡಿಐ ರೆಸಿನ್ ಹೊಸದು ಹಾಕಿ, ವಾರಕ್ಕೊಮ್ಮೆ ಪೈಪಿನಿಂದ ಮರಳಿನ ಮೇಲ್ಪದರ ಹೀರಿ ತೆಗೆಯಿರಿ, ಫಾಸ್ಫೇಟನ್ನು ಸೊನ್ನೆಗೆ ಇಳಿಸಬೇಡಿ. ಹವಳ ಕೊಳ್ಳುವುದನ್ನು ಪದರ ತಾನಾಗಿ ಸರಿಯುವ ತನಕ ಮುಂದೂಡಿ.