ಕರ್ತೃವಿಲ್ಲದ ಕರ್ಮ: ಸಪೋಲ್ಸ್ಕಿಯವರ ವಾದದ ವಿಮರ್ಶೆ

ಮನುಷ್ಯನು ತಾನು ಮಾಡಿದ ಕಾರ್ಯಕ್ಕೆ ತಾನೇ ಕರ್ತೃವೆಂದು ಹೇಳಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ? ಲವಲೇಶವೂ ಸರಿಯಲ್ಲವೆಂಬ ಉತ್ತರವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಸಪೋಲ್ಸ್ಕಿಯವರು ೨೦೨೩ರಲ್ಲಿ ಪ್ರಕಟವಾದ ತಮ್ಮ ‘ಡಿಟರ್ಮಿನ್ಡ್’ ಎಂಬ ಗ್ರಂಥದಲ್ಲಿ ಕೊಟ್ಟಿದ್ದಾರೆ. ಸಪೋಲ್ಸ್ಕಿಯವರು ನರವಿಜ್ಞಾನಿಗಳು; ಕೆನ್ಯಾ ದೇಶದ ಬಬೂನ್ ಕಪಿಗಳ ನಡುವೆ ದಶಕಗಳ ಕಾಲ ಸಂಶೋಧನೆ ನಡೆಸಿದವರು. ಅವರ ಬರವಣಿಗೆಯಲ್ಲಿ ಹಾಸ್ಯವಿದೆ, ವಿದ್ವತ್ತಿದೆ. ಆದುದರಿಂದಲೇ ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ.

ವಾದದ ಸ್ವರೂಪ ಹೀಗಿದೆ. ಒಬ್ಬನು ಒಂದು ಕೃತ್ಯವನ್ನು ಎಸಗಿದನೆನ್ನೋಣ. ಅದಕ್ಕೆ ಒಂದು ಕ್ಷಣ ಹಿಂದೆ ಮೆದುಳಿನ ನರಕೋಶಗಳು ಪ್ರಚೋದಿತವಾಗಿದ್ದವು. ಅದಕ್ಕೂ ಕೆಲವು ಗಂಟೆಗಳ ಹಿಂದೆ ರಕ್ತದಲ್ಲಿದ್ದ ಹಾರ್ಮೋನುಗಳು ಆ ಕೋಶಗಳನ್ನು ಹದಗೊಳಿಸಿದ್ದವು. ಹರೆಯದ ಅನುಭವ, ಬಾಲ್ಯದ ಹಸಿವು ಅಥವಾ ಅಕ್ಕರೆ, ಗರ್ಭದಲ್ಲಿದ್ದಾಗ ತಾಯಿ ಪಟ್ಟ ಆತಂಕ, ತಲೆಮಾರುಗಳಿಂದ ಬಂದ ವಂಶವಾಹಿಗಳು, ಪೂರ್ವಿಕರ ಸಂಸ್ಕೃತಿ ಹೀಗೆ ಕಾರಣಗಳ ಸರಪಳಿ ಹಿಂದಕ್ಕೆ ಸಾಗುತ್ತದೆ. ತನ್ನ ಪೂರ್ವೇತಿಹಾಸಕ್ಕೆ ಅಧೀನವಾಗದೆ ವರ್ತನೆಯನ್ನು ಉಂಟುಮಾಡಿದ ಒಂದೇ ಒಂದು ನರಕೋಶವನ್ನು ತೋರಿಸಿರಿ, ಆಗ ಇಚ್ಛಾಸ್ವಾತಂತ್ರ್ಯವನ್ನು ಒಪ್ಪುವೆನೆಂಬುದು ಲೇಖಕರ ಸವಾಲು. ಪದವಿಪ್ರದಾನ ಸಮಾರಂಭದಲ್ಲಿ ನಿಲುವಂಗಿ ತೊಟ್ಟು ನಿಂತ ವಿದ್ಯಾರ್ಥಿಯೂ ಅದೇ ಆವರಣದಲ್ಲಿ ಕಸ ಎತ್ತುವವನೂ ಹುಟ್ಟು ಬೆಳವಣಿಗೆಗಳನ್ನು ಅದಲುಬದಲು ಮಾಡಿಕೊಂಡಿದ್ದರೆ ಅವರ ಸ್ಥಾನಗಳೂ ಅದಲುಬದಲಾಗುತ್ತಿದ್ದವೆಂದು ಅವರು ಹೇಳುತ್ತಾರೆ. ತನ್ನ ಐಶ್ವರ್ಯವೆಲ್ಲ ತನ್ನ ದುಡಿಮೆಯದೇ ಫಲವೆಂದು ಬೀಗುವ ಯಾವ ವರ್ತಕನಿಗಾದರೂ ಈ ಪುಟಗಳು ಸ್ವಲ್ಪ ಇರುಸುಮುರುಸು ತಾರದಿರವು.

ಈ ಚರ್ಚೆ ಪ್ರಯೋಗಶಾಲೆಯನ್ನು ಪ್ರವೇಶಿಸಿದುದು ಬೆಂಜಮಿನ್ ಲಿಬೆಟ್ ಅವರಿಂದ. ಮನಸ್ಸು ಬಂದಾಗ ಕೈಯನ್ನು ತುಸು ಅಲುಗಿಸಬೇಕು. ಅಲುಗಿಸುವ ಇಚ್ಛೆ ಹುಟ್ಟಿದ ಗಳಿಗೆಯನ್ನು ಎದುರಿಗೆ ವೇಗವಾಗಿ ತಿರುಗುವ ಗಡಿಯಾರದಲ್ಲಿ ಗುರುತಿಸಿಕೊಳ್ಳಬೇಕು. ಇಷ್ಟೇ ಅವರ ಪ್ರಯೋಗ. ೧೯೮೩ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇಚ್ಛೆಯ ಅರಿವು ಚಲನೆಗೆ ಸುಮಾರು ೨೦೦ ಮಿಲಿಸೆಕೆಂಡು ಮೊದಲು ಉಂಟಾಗುತ್ತಿತ್ತು. ಆದರೆ ಮೆದುಳಿನ ಸಿದ್ಧತೆಯ ವಿದ್ಯುತ್ ಸಂಕೇತವು ಸುಮಾರು ೫೫೦ ಮಿಲಿಸೆಕೆಂಡು ಮೊದಲೇ ಕಾಣಿಸಿಕೊಂಡಿತ್ತು. ‘ನಾನು ನಿರ್ಧರಿಸಿದೆ’ ಎಂದುಕೊಳ್ಳುವ ಮೊದಲೇ ಮೆದುಳು ನಿರ್ಧರಿಸಿಬಿಟ್ಟಿತ್ತೆಂದು ಅನೇಕರು ಸಾರಿದರು. ಲಿಬೆಟ್ ಅವರೇ ಅಷ್ಟು ದೂರ ಹೋಗಲಿಲ್ಲ. ಎದ್ದ ಪ್ರೇರಣೆಯನ್ನು ಕೊನೆಯ ಗಳಿಗೆಯಲ್ಲಿ ತಡೆಯುವ ಶಕ್ತಿ ಮನುಷ್ಯನಿಗೆ ಉಳಿದಿದೆಯೆಂದು ಅವರು ನಂಬಿದ್ದರು. ೨೦೧೨ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು ಆ ಸಂಕೇತವು ನಿರ್ಧಾರವೇ ಅಲ್ಲದಿರಬಹುದು, ಮೆದುಳಿನ ಸಹಜವಾದ ಏರಿಳಿತಗಳು ಕೂಡಿಕೊಂಡು ಹೊಸ್ತಿಲು ದಾಟುವುದರ ಸರಾಸರಿ ಚಿತ್ರವಿರಬಹುದು ಎಂದು ತೋರಿಸಿದರು.

ಈ ಪತ್ರಿಕೆಯ ವಾಚಕರಿಗೆ ಇನ್ನೂ ಸ್ವಾರಸ್ಯವೆನಿಸುವುದು ೨೦೧೯ರಲ್ಲಿ ಯೂರಿ ಮಾವೋಜ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗ. ಏಕೆಂದರೆ ಅದು ದಾನವನ್ನು ಕುರಿತದ್ದು. ಇಬ್ಬಗೆಯ ಆಯ್ಕೆಗಳನ್ನು ಅಲ್ಲಿ ಮುಂದಿಡಲಾಯಿತು. ಒಂದರಲ್ಲಿ, ಎರಡು ಸೇವಾಸಂಸ್ಥೆಗಳ ಪೈಕಿ ೧೦೦೦ ಡಾಲರ್ ಯಾವುದಕ್ಕೆ ಸಲ್ಲಬೇಕೆಂದು ವಿವೇಚಿಸಿ ಗುಂಡಿ ಒತ್ತಬೇಕು. ಇನ್ನೊಂದರಲ್ಲಿ, ಯಾವ ಗುಂಡಿ ಒತ್ತಿದರೂ ಎರಡೂ ಸಂಸ್ಥೆಗಳಿಗೆ ತಲಾ ೫೦೦ ಡಾಲರ್. ಆಯ್ಕೆಗೆ ಅರ್ಥವೇ ಇಲ್ಲದ ಎರಡನೆಯ ಸಂದರ್ಭದಲ್ಲಿ ಲಿಬೆಟ್ ಕಂಡ ಸಂಕೇತ ಸ್ಪಷ್ಟವಾಗಿ ಮೂಡಿತು. ವಿವೇಚನಾಪೂರ್ವಕವಾದ ದಾನದಲ್ಲಿ ಅದು ಇಲ್ಲವೆನ್ನುವಷ್ಟು ಕ್ಷೀಣಿಸಿತ್ತು. ಇದರಿಂದ ಇಚ್ಛಾಸ್ವಾತಂತ್ರ್ಯ ಸಿದ್ಧವಾಯಿತೆಂದು ತಿಳಿಯಬಾರದು. ವಿವೇಚನೆಗೂ ಮೆದುಳಿನಲ್ಲಿ ಬೇರೊಂದು ಕಾರಣಸರಣಿ ಇದ್ದೇ ಇದೆ. ಬೆರಳು ಅಲುಗಿಸುವುದರ ಮೇಲಿಂದ ಬಾಳಿನ ನಿರ್ಧಾರಗಳನ್ನು ಅಳೆಯಲಾಗದು ಎಂಬಷ್ಟು ಮಾತ್ರ ತಿಳಿಯುತ್ತದೆ.

ಬುದ್ಧಿಪೂರ್ವಕವಾದುದು ಬೇರೆ, ಅಬುದ್ಧಿಪೂರ್ವಕವಾದುದು ಬೇರೆ ಎಂಬ ಈ ವಿಭಾಗ ಶಾಸ್ತ್ರಾಭ್ಯಾಸಿಗಳಿಗೆ ಹೊಸದಲ್ಲ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯ ಎಂಟನೆಯ ಪರಿಚ್ಛೇದದಲ್ಲಿ ದೈವ ಪೌರುಷಗಳ ಪ್ರಶ್ನೆಯನ್ನೆತ್ತಿಕೊಂಡು, ಎಲ್ಲವೂ ದೈವದಿಂದಲೇ ಎಂಬ ಏಕಾಂತವನ್ನೂ ಎಲ್ಲವೂ ಪೌರುಷದಿಂದಲೇ ಎಂಬ ಏಕಾಂತವನ್ನೂ ನಿರಾಕರಿಸಿ, ಬುದ್ಧಿಪೂರ್ವಕವಲ್ಲದೆ ಒದಗುವ ಇಷ್ಟಾನಿಷ್ಟಗಳನ್ನು ದೈವಕ್ಕೂ ಬುದ್ಧಿಪೂರ್ವಕವಾದವುಗಳನ್ನು ಪೌರುಷಕ್ಕೂ ಸಲ್ಲಿಸುತ್ತಾರೆ. (ಆಧುನಿಕ ನರವಿಜ್ಞಾನವನ್ನು ಆಚಾರ್ಯರು ಅಂದೇ ನುಡಿದಿದ್ದರೆಂದು ಹಿಗ್ಗುವ ಚಟ ಮಾತ್ರ ಬೇಡ. ಅವರು ನುಡಿದುದು ತರ್ಕವನ್ನು. ಅದಕ್ಕೆ ವಿದ್ಯುತ್ ಸಂಕೇತಗಳ ಊರುಗೋಲು ಬೇಕಿಲ್ಲ.)

ಸಪೋಲ್ಸ್ಕಿಯವರಿಗೆ ಈ ಪ್ರಯೋಗಗಳ ಜಗಳವೇ ಅಷ್ಟಾಗಿ ಬೇಕಿಲ್ಲ. ಲಿಬೆಟ್ ಚರ್ಚೆಯು ಚಲನಚಿತ್ರದ ಕೊನೆಯ ಕೆಲವು ನಿಮಿಷಗಳನ್ನಷ್ಟೇ ನೋಡಿ ವಿಮರ್ಶೆ ಬರೆದಂತೆ, ಆ ಇಚ್ಛೆ ಎಲ್ಲಿಂದ ಬಂದಿತೆಂಬುದೇ ನಿಜವಾದ ಪ್ರಶ್ನೆಯೆಂದು ಅವರು ವಾದಿಸುತ್ತಾರೆ. ಇದು ಬಲವಾದ ಮಾತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನ ವರ್ಷದಿಂದ ಬಂದ ಆರಂಭಿಕ ಶಿಲ್ಕನ್ನು ಯಾರೂ ಆರಿಸಿಕೊಂಡಿಲ್ಲ. ಆದರೆ ಈ ದಿನದ ಕೀರ್ದಿಯಲ್ಲಿ ಏನು ಬರೆಯಬೇಕೆಂಬುದು ಕೈಯಲ್ಲಿದೆಯಲ್ಲ ಎಂದು ಸಮಾಧಾನ ಹೇಳಬಹುದು. ಬರೆಯುವ ಕೈಯನ್ನೂ ಅದನ್ನು ನಡೆಸುವ ಬುದ್ಧಿಯನ್ನೂ ಹಿಂದಿನ ಲೆಕ್ಕವೇ ರೂಪಿಸಿದೆಯೆಂದು ಅವರು ಕೂಡಲೆ ಉತ್ತರಿಸುತ್ತಾರೆ. ಇದನ್ನು ಅಲ್ಲಗಳೆಯಲಾಗದು.

ಆದರೆ ಇಲ್ಲಿಯೇ ಗ್ರಂಥದ ದೋಷವೂ ಇದೆ. ಕಾರಣವೇ ಇಲ್ಲದ ಕ್ರಿಯೆಗೆ ಮಾತ್ರ ಸ್ವತಂತ್ರವೆಂಬ ಹೆಸರು ಸಲ್ಲುವುದೆಂದು ಮೊದಲೇ ಲಕ್ಷಣ ಕಟ್ಟಿಬಿಟ್ಟರೆ, ಅಂತಹುದು ಸಿಗಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು? ನಿಷ್ಕಾರಣವಾಗಿ ಚಿಮ್ಮಿದ ಕೃತ್ಯ ಯಾರಿಗೂ ಬೇಕಾಗಿಲ್ಲ. ಅದು ಆಕಸ್ಮಿಕ, ಅದರಲ್ಲಿ ಕರ್ತೃವಿನ ಪಾಲೇನೂ ಇಲ್ಲ. ಲೋಕವ್ಯವಹಾರದಲ್ಲಿ ಸ್ವಾತಂತ್ರ್ಯವೆಂದರೆ, ಹಿತಾಹಿತಗಳನ್ನು ತೂಗಿ, ಎದ್ದ ಕೋಪವನ್ನೋ ಲೋಭವನ್ನೋ ಹಿಡಿದು ನಿಲ್ಲಿಸುವ ಸಾಮರ್ಥ್ಯ. ಅದು ಒಬ್ಬನಲ್ಲಿ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಅಭ್ಯಾಸದಿಂದ ಬೆಳೆಯುತ್ತದೆ, ರೋಗದಿಂದ ಕುಂದುತ್ತದೆ. ೨೦೦೩ರಲ್ಲಿ ವರದಿಯಾದ ವರ್ಜೀನಿಯಾದ ನಲವತ್ತು ವರ್ಷದ ಶಿಕ್ಷಕನೊಬ್ಬನ ಪ್ರಕರಣ ಇದಕ್ಕೆ ಸಾಕ್ಷಿ. ಸಭ್ಯನಾಗಿದ್ದವನು ಹೇಸಿಗೆಯ ಕಾಮಪ್ರವೃತ್ತಿಗೆ ಬಿದ್ದು ಶಿಕ್ಷೆಯ ಅಂಚಿಗೆ ಬಂದ. ಪರೀಕ್ಷಿಸಿದಾಗ ಅವನ ಮುಂಮೆದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಅದನ್ನು ತೆಗೆದಾಗ ಪ್ರವೃತ್ತಿ ಅಡಗಿತು. ಗೆಡ್ಡೆ ಮರಳಿದಾಗ ಪ್ರವೃತ್ತಿಯೂ ಮರಳಿತು. ತಡೆಯುವ ಶಕ್ತಿಯೊಂದು ಆರೋಗ್ಯವಂತನಲ್ಲಿ ಇರುವುದರಿಂದಲೇ ಅದು ಕಳೆದುಹೋದುದನ್ನು ವೈದ್ಯರು ಗುರುತಿಸಬಲ್ಲರು. ಯಾರಲ್ಲಿಯೂ ಅದು ಇಲ್ಲವೆಂದರೆ ಗೆಡ್ಡೆಯಿದ್ದವನಿಗೂ ಇಲ್ಲದವನಿಗೂ ಇರುವ ಅಂತರವನ್ನು ಯಾವ ಮಾತಿನಲ್ಲಿ ಹೇಳಬೇಕು?

ಗ್ರಂಥದ ಅತ್ಯುತ್ತಮ ಭಾಗ ಕರುಣೆಯದು. ಮೂರ್ಛೆರೋಗಿಗಳನ್ನು ಒಂದು ಕಾಲದಲ್ಲಿ ಭೂತ ಹಿಡಿದವರೆಂದು ಹಿಂಸಿಸಿದರು. ಮಗನಿಗೆ ಸ್ಕಿಜೋಫ್ರೇನಿಯಾ ಬಂದರೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂದು ಇಪ್ಪತ್ತನೆಯ ಶತಮಾನದ ವೈದ್ಯರೇ ದೂಷಿಸಿದರು. ಕಾರಣ ತಿಳಿದಂತೆ ನಿಂದೆ ಕಳಚಿತು. ಆದರೂ ಲೋಕವೇನೂ ತಲೆಕೆಳಗಾಗಲಿಲ್ಲವೆಂದು ಲೇಖಕರು ತೋರಿಸುತ್ತಾರೆ. ನಿಂದಿತರಾದ ಆ ತಾಯಂದಿರ ವಿಷಯವನ್ನು ಓದಿ, ಮನೆಯಲ್ಲಿ ಮಾನಸಿಕ ರೋಗಿಯಿರುವ ಕುಟುಂಬಗಳನ್ನು ಸಂಬಂಧ ಬೆಳೆಸುವಾಗ ದೂರವಿಡುವ ಹಿರಿಯರು ಒಂದು ಗಳಿಗೆ ಯೋಚಿಸಬೇಕು. ಪೂರ್ವಕರ್ಮದ ಹೆಸರಿನಲ್ಲಿ ನೊಂದವರನ್ನು ಮತ್ತಷ್ಟು ನೋಯಿಸುವ ಮಾತುಗಳೂ ಸಮಾಜದಲ್ಲಿ ಕಡಿಮೆಯಿಲ್ಲ.

ಆದರೆ ಎಲ್ಲ ಅಪರಾಧಿಗಳಿಗೂ ಇದೇ ನ್ಯಾಯವನ್ನು ವಿಸ್ತರಿಸಿದಾಗ ತೊಡಕು ಉಂಟಾಗುತ್ತದೆ. ಅಂಟುರೋಗಿಯನ್ನು ದ್ವೇಷವಿಲ್ಲದೆ ಪ್ರತ್ಯೇಕವಾಗಿಡುವಂತೆ ಅಪಾಯಕಾರಿಯನ್ನೂ ಇಡಬೇಕೆಂಬುದು ಅವರು ಸಮರ್ಥಿಸುವ ಕ್ರಮ. ಬಸದಿಯ ವಿಶ್ವಸ್ಥ ಮಂಡಳಿಯಲ್ಲಿ ಕಾರಕೂನನೊಬ್ಬನು ಹುಂಡಿಯ ಹಣ ಮುಟ್ಟಿದನೆನ್ನೋಣ. ಬೀಗದ ಕೈಯನ್ನು ಅವನಿಂದ ಹಿಂದಕ್ಕೆ ಪಡೆಯುವುದು ಈ ಕ್ರಮಕ್ಕೆ ಒಪ್ಪುತ್ತದೆ. ಅವನ ಮಗಳ ಆಸ್ಪತ್ರೆಯ ಖರ್ಚೇ ಅವನನ್ನು ಅಲ್ಲಿಗೆ ದೂಡಿತೆಂದು ತಿಳಿದರೆ ಕೋಪ ತಗ್ಗುವುದೂ ಒಪ್ಪುತ್ತದೆ. ಆದರೆ ಕ್ಷಮಾವಣಿಯ ದಿನ ಅವನೇ ಮಂಡಳಿಯ ಮುಂದೆ ಬಂದು ಕೈಮುಗಿದು ನಿಂತರೆ? ಅಂಟುರೋಗಿಯು ಯಾರಲ್ಲಿಯೂ ಕ್ಷಮೆ ಕೇಳಬೇಕಾಗಿಲ್ಲ. ಈ ಕಾರಕೂನನೋ ತಪ್ಪು ತನ್ನದೆಂದು ಹೇಳಿಕೊಳ್ಳಲೆಂದೇ ಬಂದಿದ್ದಾನೆ. ನಿನ್ನದೆನ್ನುವುದು ಅಲ್ಲಿ ಏನೂ ಇರಲಿಲ್ಲವೆಂದು ಅವನನ್ನು ಸಂತೈಸಿ ಕಳುಹಿಸಿದರೆ ಅವನಿಗೆ ಹಿತವೆನಿಸುವುದೋ ಅವಮಾನವೆನಿಸುವುದೋ, ಆ ಪ್ರಶ್ನೆಗೆ ಗ್ರಂಥದಲ್ಲಿ ಉತ್ತರವಿಲ್ಲ.