ಶೂಟಿಂಗ್‌ಗೆ ಯಾಕೆ ಎರಡು ಪಟ್ಟಿ?

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ, ಹಾರುವ ತಟ್ಟೆಗಳಿಗೆ ಗುಂಡು ಹೊಡೆಯುವ ಸ್ಕೀಟ್ ಶೂಟಿಂಗ್‌ಗೆ ಹೆಂಗಸರು ಗಂಡಸರು ಒಂದೇ ಕಣಕ್ಕೆ ಇಳಿದಿದ್ದರು. ಚೀನಾದ ಝಾಂಗ್ ಶಾನ್ ಫೈನಲ್‌ಗೆ ಮುಂಚಿನ 200 ತಟ್ಟೆಗಳಲ್ಲಿ ಒಂದನ್ನೂ ಬಿಡದೆ ಹೊಡೆದರು, ಕೊನೆಗೆ 225ಕ್ಕೆ 223 ಗಳಿಸಿ ಚಿನ್ನ ಗೆದ್ದರು. ಒಂದೇ ಒಂದು ತಟ್ಟೆ ಹಿಂದೆ ಉಳಿದ ಪೆರುವಿನ ಹುವಾನ್ ಗಿಹಾ ಮತ್ತು ಇಟಲಿಯ ಬ್ರೂನೋ ರೊಸೆಟ್ಟಿ ಪದಕದ ವೇದಿಕೆಯಲ್ಲಿ ಆಕೆಯನ್ನು ಮೇಲಕ್ಕೆತ್ತಿ ಹಿಡಿದರು. ನಾಲ್ಕು ವರ್ಷದ ನಂತರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗಷ್ಟೇ ಮೀಸಲಾಯಿತು. ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆಯನ್ನೂ ಇಡಲಿಲ್ಲ. ಆಕೆ ಗೆದ್ದದ್ದಕ್ಕೇ ಹೀಗಾಯಿತು ಎಂಬ ಮಾತಿದೆ. ಆದರೆ ಬೇರ್ಪಡಿಸುವ ತೀರ್ಮಾನ ಬಾರ್ಸಿಲೋನಾಕ್ಕೆ ಮೊದಲೇ ಆಗಿತ್ತು. ಕಣ್ಣೆದುರು ಅಂಥ ಫಲಿತಾಂಶ ಬಂದ ಮೇಲೂ ಅದು ಬದಲಾಗಲಿಲ್ಲವಲ್ಲ, ನನ್ನ ಬೇಸರ ಅದರದ್ದು.

ಓಟ, ಜಿಗಿತ, ಭಾರ ಎತ್ತುವ ಆಟಗಳಲ್ಲಿ ವಿಂಗಡಣೆ ಬೇಕೇ ಬೇಕು. 100 ಮೀಟರ್ ಓಟದ ವಿಶ್ವದಾಖಲೆ ಗಂಡಸರಲ್ಲಿ 9.58 ಸೆಕೆಂಡ್, ಹೆಂಗಸರಲ್ಲಿ 10.49, ಈ ಅಂತರವನ್ನು ಯಾವ ತಾಲೀಮೂ ತುಂಬಲಾರದು. ಏರ್ ರೈಫಲ್‌ನ ಲೆಕ್ಕ ಬೇರೆ. ಅಲ್ಲಿ 10 ಮೀಟರ್ ದೂರದ ಗುರಿಯ ನಡುಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನು ತಾಗಿಸಲು ಬೇಕಾದ್ದು ಅಲುಗದ ನಿಲುವು, ಹದವಾದ ಉಸಿರು, ಟ್ರಿಗರ್ ಮೇಲೆ ಹತೋಟಿಯಿರುವ ಬೆರಳು. ಪ್ಯಾರಿಸ್ 2024ರ ಅರ್ಹತಾ ಸುತ್ತಿನಲ್ಲಿ ಇಬ್ಬರಿಗೂ ತಲಾ 60 ಗುಂಡು. ಗಂಡಸರಲ್ಲಿ ಮೊದಲಿಗರಾದ ಚೀನಾದ ಶೆಂಗ್ ಲಿಹಾವೊ 631.7 ಅಂಕ ಗಳಿಸಿದರೆ, ದಕ್ಷಿಣ ಕೊರಿಯಾದ ಹುಡುಗಿ ಬಾನ್ ಹ್ಯೊಜಿನ್ 634.5 ಗಳಿಸಿದರು. ಒಂದು ಸುತ್ತಿನ ಅಂಕಿಯಿಂದ ಎಲ್ಲವೂ ಇತ್ಯರ್ಥವಾಗದು, ನಿಜ. ಆದರೆ ಓಟದ ಟ್ರ್ಯಾಕ್‌ನಲ್ಲಿ ಇಂಥದ್ದು ಒಂದು ಸಲವೂ ಆಗದು.

ಬಂದೂಕನ್ನು ಸೊಂಟದ ಮಟ್ಟದಿಂದ ಥಟ್ಟನೆ ಹೆಗಲಿಗೇರಿಸಿ ಅದರ ಒದೆತ ತಾಳಿಕೊಳ್ಳುವ ಸ್ಕೀಟ್‌ಗೆ ತೋಳಿನ ಬಲ ಬೇಡವೇ ಎನ್ನುವವರಿಗೆ ಝಾಂಗ್ ಶಾನ್ ಅವರ 223 ಸಾಕು. ಇನ್ನೊಂದು ಆಕ್ಷೇಪವೇ ಗಟ್ಟಿಯಾದದ್ದು. 1984ರಿಂದ ಪ್ರತ್ಯೇಕ ಸ್ಪರ್ಧೆಗಳು ಬಂದದ್ದರಿಂದಲೇ ಹೆಚ್ಚು ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯಿತು. ಪಟ್ಟಿ ಒಂದಾದರೆ ಶೂಟಿಂಗ್ ಸಂಸ್ಥೆಗಳು ಮತ್ತೆ ಗಂಡಸರನ್ನೇ ಕಳಿಸಿಬಿಡಬಹುದು. ಈ ಭಯವನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಪ್ರವೇಶದ ಸ್ಥಾನಗಳನ್ನು ಸಮನಾಗಿ ಹಂಚಿ, ಪದಕಕ್ಕೆ ಮಾತ್ರ ಒಂದೇ ಪಟ್ಟಿ ಇಡಲಿ. ಬೇರೆ ಇಟ್ಟಿದ್ದರಿಂದ ಸಮಾನತೆ ತಾನಾಗಿ ಬಂದದ್ದೂ ಇಲ್ಲ: 2000ದಲ್ಲಿ ಸಿಡ್ನಿಯಲ್ಲಿ ಮಹಿಳಾ ಸ್ಕೀಟ್ ಶುರುವಾದಾಗ ಅವರಿಗೆ 75 ತಟ್ಟೆ, ಗಂಡಸರಿಗೆ 125, ಸರಿಸಮವಾದದ್ದು 2018ರಲ್ಲಿ. ಪ್ಯಾರಿಸ್‌ನಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಗೆದ್ದ ಮಿಶ್ರ ತಂಡದ ಸ್ಪರ್ಧೆ ಚೆಂದದ್ದೇ, ಆದರೆ ಅಲ್ಲಿ ಇಬ್ಬರೂ ಜೊತೆಗಾರರು, ಎದುರಾಳಿಗಳಲ್ಲ. ಪ್ಯಾರಾಲಿಂಪಿಕ್ಸ್‌ನ ಹಲವು ರೈಫಲ್, ಪಿಸ್ತೂಲ್ ಸ್ಪರ್ಧೆಗಳಲ್ಲಿ ಮಾತ್ರ ಹೆಂಗಸರು ಗಂಡಸರು ವೈಯಕ್ತಿಕ ಪದಕಕ್ಕೇ ಒಟ್ಟಿಗೆ ಸೆಣಸುತ್ತಾರೆ. ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲೂ ಏರ್ ರೈಫಲ್‌ನಿಂದ ಇದನ್ನು ಶುರು ಮಾಡಬಹುದು. ದೂರ, ಗುರಿ, ಗುಂಡಿನ ಲೆಕ್ಕ ಈಗಾಗಲೇ ಇಬ್ಬರಿಗೂ ಒಂದೇ ಇದೆ.